ಪಾರ್ಶ್ವವಾಯು ಮತ್ತು ಗೃಹಸ್ಥರ ನಿತ್ಯನಿಯಮ

ಮನುಷ್ಯಜನ್ಮವು ದುರ್ಲಭವಾದುದು. ದೇವದರ್ಶನ, ಪೂಜೆ, ಸ್ವಾಧ್ಯಾಯ, ದಾನ, ತಪಸ್ಸು ಇವೆಲ್ಲವುಗಳಿಗೂ ಶರೀರವೇ ಸಾಧನ. ಈ ಸಾಧನದ ಒಂದು ಪಾರ್ಶ್ವವನ್ನು ಕೆಲವೇ ಕ್ಷಣಗಳಲ್ಲಿ ನಿಶ್ಚೇಷ್ಟಿತಗೊಳಿಸುವ ವ್ಯಾಧಿಯೇ ಪಾರ್ಶ್ವವಾಯು. ಕನ್ನಡದ ಮನೆಗಳಲ್ಲಿ ಇದಕ್ಕೆ ಲಕ್ವ ಎನ್ನುವರು. ಹಿಂದಿ, ಗುಜರಾತಿ, ಮಾರವಾಡಿ ಮಾತನಾಡುವ ಮನೆಗಳಲ್ಲಿ ಲಕವಾ, ತಮಿಳಿನಲ್ಲಿ ಪಕ್ಕವಾದಂ, ತೆಲುಗಿನಲ್ಲಿ ಪಕ್ಷವಾತಂ ಎಂದು ಹೆಸರು. ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆಗಳ ಪೇಟೆಬೀದಿಗಳಲ್ಲಿ ಈ ಎಲ್ಲ ಹೆಸರುಗಳೂ ಕೇಳಿಬರುತ್ತವೆ. ಹೆಸರು ಬೇರೆಯಾದರೂ ರೋಗ ಒಂದೇ, ಅದನ್ನು ದೂರವಿಡುವ ಉಪಾಯವೂ ಒಂದೇ.

ಮದ್ಯಮಾಂಸಗಳನ್ನು ಮುಟ್ಟದ, ಸೂರ್ಯಾಸ್ತದ ನಂತರ ಊಟ ಮಾಡದ ಶ್ರಾವಕರಿಗೆ ಇಂತಹ ರೋಗ ಹೇಗೆ ಬಂದೀತು ಎಂಬ ಭಾವನೆ ಅನೇಕ ಮನೆಗಳಲ್ಲಿದೆ. ವ್ರತನಿಯಮಗಳಿಂದ ಆರೋಗ್ಯಕ್ಕೆ ಉಪಕಾರವಾಗುವುದು ನಿಜ. ಆದರೆ ಸಸ್ಯಾಹಾರದಲ್ಲಿಯೂ ಉಪ್ಪು ಅಧಿಕವಾಗಿರಬಹುದು, ಸದಾಚಾರಿಯ ರಕ್ತದಲ್ಲಿಯೂ ಒತ್ತಡ ಏರಿರಬಹುದು. ಈ ವಿಷಯದಲ್ಲಿ ಶ್ರಾವಕ-ಶ್ರಾವಿಕೆಯರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ರೋಗದ ಸ್ವರೂಪ

ಮೆದುಳಿನ ತೂಕ ದೇಹದ ತೂಕದಲ್ಲಿ ಶೇಕಡ 2ರಷ್ಟು ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಮೆದುಳಿಗೇ ಬೇಕು. ಅದನ್ನು ಒಯ್ಯುವುದು ರಕ್ತ. ರಕ್ತನಾಳವೊಂದರಲ್ಲಿ ಹೆಪ್ಪು ಸಿಕ್ಕಿಕೊಂಡು ದಾರಿ ಮುಚ್ಚಿದರೆ ಆ ಭಾಗದ ನರಕೋಶಗಳು ಸಾಯತೊಡಗುತ್ತವೆ. ಪಾರ್ಶ್ವವಾಯುವಿನಲ್ಲಿ ಬಹುಪಾಲು ಈ ಬಗೆಯದು. ಇನ್ನೊಂದು ಬಗೆಯಲ್ಲಿ ರಕ್ತನಾಳವೇ ಒಡೆದು ಮೆದುಳಿನೊಳಗೆ ರಕ್ತ ಸುರಿಯುತ್ತದೆ. ಇದು ಸಂಖ್ಯೆಯಲ್ಲಿ ಕಡಿಮೆಯಾದರೂ ಹೆಚ್ಚು ಮಾರಕವಾದುದು.

ಮೆದುಳಿನ ಎಡಭಾಗವು ದೇಹದ ಬಲಭಾಗವನ್ನೂ, ಬಲಭಾಗವು ಎಡಭಾಗವನ್ನೂ ನಡೆಸುತ್ತದೆ. ಬಹುಮಂದಿಯಲ್ಲಿ ಮಾತಿನ ಶಕ್ತಿ ಎಡಭಾಗದಲ್ಲಿದೆ. ಆದುದರಿಂದಲೇ ಬಲಗೈ ಬಿದ್ದುಹೋದವರಲ್ಲಿ ಅನೇಕರಿಗೆ ಮಾತೂ ನಿಂತುಹೋಗುತ್ತದೆ. ನಾಲ್ಕು ಭಾಷೆಗಳಲ್ಲಿ ಗಿರಾಕಿಗಳೊಡನೆ ಮಾತನಾಡುತ್ತಿದ್ದ ವರ್ತಕನು ಮೊಮ್ಮಗನ ಹೆಸರನ್ನು ಹೇಳಲಾರದೆ ಕಣ್ಣೀರು ಹಾಕುವ ದೃಶ್ಯವು ಯಾವ ಮನೆಗೂ ಬರಬಾರದು.

ಈ ರೋಗವು ಮಿಂಚಿನಂತೆ ಬಂದಿತೆಂದು ಜನ ಹೇಳುತ್ತಾರೆ. ವಸ್ತುತಃ ಅದು ಹತ್ತಾರು ವರ್ಷಗಳಿಂದ ಸಿದ್ಧವಾಗುತ್ತಿರುತ್ತದೆ. 32 ದೇಶಗಳ ಸುಮಾರು 27,000 ಜನರನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಎಂಬ ಅಧ್ಯಯನವು, ಪಾರ್ಶ್ವವಾಯುವಿನ ಅಪಾಯದಲ್ಲಿ ಶೇಕಡ 90ರಷ್ಟಕ್ಕೆ ಕೇವಲ ಹತ್ತು ಕಾರಣಗಳು ಸಂಬಂಧಿಸಿವೆ ಎಂದು ತೋರಿಸಿತು. ಭಾರತದವರೂ ಈ ಅಧ್ಯಯನದಲ್ಲಿ ಸೇರಿದ್ದರು. ಅಧಿಕ ರಕ್ತದೊತ್ತಡ, ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬಿನ ಏರುಪೇರು, ಹೊಟ್ಟೆಯ ಬೊಜ್ಜು, ವ್ಯಾಯಾಮವಿಲ್ಲದ ಬದುಕು, ತಪ್ಪು ಆಹಾರ, ಮದ್ಯಪಾನ, ಮನೋವ್ಯಥೆ ಮತ್ತು ಹೃದಯದ ಕಾಯಿಲೆ, ಇವೇ ಆ ಹತ್ತು. ಇವುಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯನು ತಿದ್ದಿಕೊಳ್ಳಬಹುದಾದವು ಅಥವಾ ಔಷಧದಿಂದ ಹತೋಟಿಗೆ ಬರುವಂತಹವು. ಎಲ್ಲಕ್ಕಿಂತ ದೊಡ್ಡ ಪಾಲು ರಕ್ತದೊತ್ತಡದ್ದು.

ಸದ್ದಿಲ್ಲದೆ ಏರುವ ರಕ್ತದೊತ್ತಡ

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಕುರ್ಚಿಯಲ್ಲಿ ಕುಳಿತಿದ್ದಂತೆಯೇ ವಿಪರೀತ ತಲೆನೋವೆಂದು ಹೇಳಿ ಪ್ರಜ್ಞೆ ತಪ್ಪಿದರು. ಅದೇ ದಿನ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಆ ದಿನ ವೈದ್ಯರು ಅಳೆದಾಗ ಅವರ ರಕ್ತದೊತ್ತಡ 300/190 ಇತ್ತು. ಒಂದು ವರ್ಷದ ಹಿಂದೆಯೇ, 1944ರ ಮಾರ್ಚ್‌ನಲ್ಲಿ, ಅದು 186/108 ಇದ್ದುದು ದಾಖಲೆಯಲ್ಲಿದೆ. ಲೋಕದ ಅತ್ಯಂತ ಬಲಿಷ್ಠ ದೇಶದ ಅಧ್ಯಕ್ಷರಿಗೂ ಕೊಡಲು ಅಂದಿನ ವೈದ್ಯರ ಬಳಿ ತಕ್ಕ ಔಷಧವಿರಲಿಲ್ಲ. ಇಂದು ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆ ಉಚಿತವಾಗಿ ದೊರೆಯುತ್ತದೆ. ಹೀಗಿದ್ದೂ ಅದನ್ನು ಅಳೆಸಿಕೊಳ್ಳದೆ ಇರುವವರು ಅಸಂಖ್ಯಾತರು.

ಕಾರಣವಿಷ್ಟೆ. ರಕ್ತದೊತ್ತಡ ಏರಿದರೂ ನೋವಿಲ್ಲ, ಜ್ವರವಿಲ್ಲ. "ನನಗೇನೂ ಆಗಿಲ್ಲ, ಚೆನ್ನಾಗಿದ್ದೇನೆ" ಎನ್ನುವವರ ಅಂಕಿಯೂ 170 ಇರಬಹುದು. 120/80ರ ಒಳಗಿದ್ದರೆ ಉತ್ತಮ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನಗಳಲ್ಲಿ ಅಳೆದಾಗ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ರೋಗವೆಂದೇ ಎಣಿಸಬೇಕು. ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೂ ಪಾರ್ಶ್ವವಾಯುವಿನ ಅಪಾಯ ಸುಮಾರು ಕಾಲುಭಾಗ ಕಡಿಮೆಯಾಗುವುದೆಂದು ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ತಿಳಿದುಬಂದಿದೆ.

ಅಳೆಯುವುದಕ್ಕೂ ಕ್ರಮವುಂಟು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ತಂಬಾಕು ಸೇವಿಸಬಾರದು. ಮೂತ್ರವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ 5 ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು, ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಬೇಕು. ಅಳೆಯುವಾಗ ಮಾತನಾಡಬಾರದು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಅಂಗಡಿಯಿಂದ ಓಡಿಬಂದು ತೋಳು ಚಾಚಿದರೆ ಸರಿಯಾದ ಅಂಕಿ ಸಿಗದು.

ಈ ಕಾರ್ಯದಲ್ಲಿ ಕೃಷ್ಣಗಿರಿ ಜಿಲ್ಲೆಗೇ ಒಂದು ವಿಶೇಷ ಸ್ಥಾನವಿದೆ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ 'ಜನರನ್ನು ಅರಸಿ ವೈದ್ಯ' ಎಂಬ ಯೋಜನೆಯು 2021ರ ಆಗಸ್ಟ್ 5ರಂದು ಇದೇ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರಿಂದ ಆರಂಭಗೊಂಡಿತು. ತರಬೇತಿ ಪಡೆದ ಮಹಿಳೆಯರು ಮನೆಮನೆಗೆ ಹೋಗಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿ, ರೋಗಿಗಳಿಗೆ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸುವುದು, ಹಾಸಿಗೆ ಹಿಡಿದವರಿಗೆ ಅಂಗಸಾಧನೆ ಮಾಡಿಸುವುದು ಇದರ ಉದ್ದೇಶ. 2024ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಕಾರ್ಯಪಡೆಯು ಈ ಯೋಜನೆಗೆ ಪ್ರಶಸ್ತಿ ನೀಡಿತು. ಪೇಟೆಯ ಅನುಕೂಲಸ್ಥ ಕುಟುಂಬಗಳು ಇದು ಬಡವರಿಗಾಗಿ ಎಂದು ಭಾವಿಸಿ ಬಾಗಿಲಿಂದಲೇ ಹಿಂದಿರುಗಿಸಬಾರದು. ಅಳತೆ ಎಲ್ಲರಿಗೂ ಬೇಕಾದುದು. 30 ವರ್ಷ ದಾಟಿದ ಮಗನಿಗೂ, ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಸೊಸೆಗೂ, ಅತ್ತೆಗೂ ವರ್ಷಕ್ಕೊಮ್ಮೆಯಾದರೂ ಅಳೆಸಬೇಕು. ಮಾತ್ರೆ ಸೇವಿಸುವವರು ವೈದ್ಯರು ಹೇಳಿದಷ್ಟು ಬಾರಿ ಅಳೆಸಬೇಕು.

ಉಪ್ಪಿನ ಲೆಕ್ಕ

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಇದು ಒಂದು ಟೀ ಚಮಚದಷ್ಟು, ಅದೂ ಅಡುಗೆ, ತಿಂಡಿ, ಉಪ್ಪಿನಕಾಯಿ ಎಲ್ಲವೂ ಸೇರಿ. ಭಾರತೀಯರು ಇದಕ್ಕಿಂತ ಬಹಳ ಹೆಚ್ಚು ತಿನ್ನುತ್ತಾರೆ. ಮನೆಯಲ್ಲಿ ತಿಂಗಳಿಗೆ ಎಷ್ಟು ಉಪ್ಪಿನ ಪೊಟ್ಟಣ ಖರ್ಚಾಗುತ್ತದೆ ಎಂಬುದನ್ನು ಮನೆಯ ಜನಸಂಖ್ಯೆಯಿಂದ ಭಾಗಿಸಿದರೆ ಸ್ಥೂಲವಾದ ಲೆಕ್ಕ ದೊರೆಯುತ್ತದೆ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ ಮಿತಿ. ಒಂದು ಕಿಲೋ ಮುಗಿಯುತ್ತಿದ್ದರೆ ತಲಾ 8 ಗ್ರಾಂ ದಾಟಿತು. ಹೊರಗಿನಿಂದ ತಂದ ತಿನಿಸುಗಳ ಉಪ್ಪು ಇದರಲ್ಲಿ ಸೇರಿಲ್ಲ.

ಜೈನ ಅಡುಗೆಮನೆಯಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಷ್ಟಮಿ, ಚತುರ್ದಶಿ ಮತ್ತು ಪರ್ಯುಷಣದ ದಿನಗಳಲ್ಲಿ ಅನೇಕರು ಹಸಿರು ತರಕಾರಿಗಳನ್ನು ತ್ಯಜಿಸುತ್ತಾರೆ. ಆ ಸ್ಥಾನವನ್ನು ಹಪ್ಪಳ, ಸಂಡಿಗೆ, ಸೇವು, ಗಾಂಠಿಯಾ, ಉಪ್ಪಿನಕಾಯಿಗಳು ತುಂಬುತ್ತವೆ. ಹಪ್ಪಳದ ಪಲ್ಯ, ಸೇವಿನ ಪಲ್ಯ ಇವು ಆ ದಿನಗಳ ವಾಡಿಕೆಯ ಅಡುಗೆ. ಹೀಗೆ ತ್ಯಾಗದ ದಿನವೇ ಅತಿ ಹೆಚ್ಚು ಉಪ್ಪು ಸೇವಿಸುವ ದಿನವಾಗುತ್ತದೆ, ರಕ್ತದೊತ್ತಡವನ್ನು ತಗ್ಗಿಸುವ ಪೊಟ್ಯಾಸಿಯಂ ಲವಣವುಳ್ಳ ಸೊಪ್ಪು ತರಕಾರಿಗಳೂ ಅಂದು ಇರುವುದಿಲ್ಲ. ತ್ಯಾಗಕ್ಕೆ ಭಂಗ ಬಾರದಂತೆ ಇದನ್ನು ಸರಿಪಡಿಸಬಹುದು. ಹೆಸರುಬೇಳೆ, ತೊಗರಿಬೇಳೆ, ಹುರುಳಿ, ಒಣ ಕಾಳುಗಳ ಸಾರನ್ನು ಅಲ್ಪ ಉಪ್ಪಿನಿಂದ ಮಾಡಬಹುದು. ಹೊಸೂರು ಸೀಮೆಯ ರಾಗಿ ಅಂಬಲಿ, ಮುದ್ದೆಗಳೂ ಒಳ್ಳೆಯವೇ. ಮುದ್ದೆಗೆ ಉಪ್ಪು ಬೇಕೆಂದೇ ಇಲ್ಲ.

ಪೂರ್ವಾಚಾರ್ಯರು ಉಪ್ಪನ್ನು ಬಿಡುವುದನ್ನೂ ತಪಸ್ಸೆಂದೇ ಎಣಿಸಿರುವರು. ದಿಗಂಬರ ಸಂಪ್ರದಾಯದ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಗಳೊಡನೆ ಉಪ್ಪೂ ಒಂದು ರಸ. ಭಾನುವಾರ ಉಪ್ಪನ್ನು ಬಿಡುವ ನಿಯಮವುಳ್ಳ ಮನೆಗಳು ಇಂದಿಗೂ ಇವೆ. ಶ್ವೇತಾಂಬರ ಸಂಪ್ರದಾಯದಲ್ಲಿ ಚೈತ್ರ ಮತ್ತು ಆಶ್ವಿನ ಮಾಸಗಳ ಆಯಂಬಿಲ ಓಳಿಯ ಒಂಬತ್ತು ದಿನ ತುಪ್ಪ, ಎಣ್ಣೆ, ಹಾಲು, ಸಿಹಿಗಳಿಲ್ಲದ ರೂಕ್ಷ ಆಹಾರವನ್ನು ಒಮ್ಮೆ ಮಾತ್ರ ಸೇವಿಸುವರು, ಕೆಲವರು ಉಪ್ಪನ್ನೂ ಬಿಡುವರು. ವರ್ಷದಲ್ಲಿ ಕೆಲವು ದಿನ ಸಾಧ್ಯವಾದುದು ಉಳಿದ ದಿನಗಳಲ್ಲಿ ಅರ್ಧದಷ್ಟಾದರೂ ಸಾಧ್ಯವಾಗಬೇಕು. ನಾಲಿಗೆಯು ಕೆಲವು ವಾರಗಳಲ್ಲಿ ಕಡಿಮೆ ಉಪ್ಪಿಗೆ ಹೊಂದಿಕೊಳ್ಳುತ್ತದೆ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಉಪ್ಪಿನ ಒಂದು ಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಲವಣವನ್ನು ಬೆರೆಸಿ ಬಳಸಿದವರಲ್ಲಿ ಪಾರ್ಶ್ವವಾಯು ಶೇಕಡ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಹಾಗೂ ಕೆಲವು ಬಗೆಯ ಮಾತ್ರೆ ಸೇವಿಸುವವರಿಗೆ ಈ ಉಪ್ಪು ಅಪಾಯಕಾರಿ. ವೈದ್ಯರನ್ನು ಕೇಳದೆ ಬಳಸಕೂಡದು. ಸೈಂಧವ ಲವಣವಾದರೆ ದೋಷವಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಅದೂ ಬಹುಪಾಲು ಅದೇ ಉಪ್ಪು.

ಗಾದಿಯ ಬದುಕು ಮತ್ತು ತಂಬಾಕು

ಬೆಳಿಗ್ಗೆ 9ಕ್ಕೆ ಅಂಗಡಿಯ ಗಾದಿಯ ಮೇಲೆ ಕುಳಿತವರು ರಾತ್ರಿ 9ಕ್ಕೆ ಏಳುವುದು ವರ್ತಕರ ರೂಢಿ. ಹಿಂದಿನವರು ಮೂಟೆ ಹೊತ್ತರು, ಸಂತೆಯಿಂದ ಸಂತೆಗೆ ನಡೆದರು. ಇಂದು ಮನೆಯಿಂದ ಅಂಗಡಿಗೆ ಅರ್ಧ ಮೈಲಿಗೂ ಸ್ಕೂಟರ್. ವಾರಕ್ಕೆ 150 ನಿಮಿಷ, ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆಯಬೇಕೆಂದು ವೈದ್ಯರು ಹೇಳುತ್ತಾರೆ. ಬೆಳಗಿನ ದೇವದರ್ಶನಕ್ಕೆ ನಡೆದೇ ಹೋಗಿ ಬಂದರೆ ಅನೇಕರಿಗೆ ಇದು ತಾನಾಗಿಯೇ ಪೂರ್ಣವಾಗುತ್ತದೆ. ಅಂಗಡಿಯಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದಕ್ಕೆ ಖರ್ಚಿಲ್ಲ.

ಧೂಮಪಾನವು ಪಾರ್ಶ್ವವಾಯುವಿನ ಅಪಾಯವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಬೀಡಿ ಸಿಗರೇಟು ಮುಟ್ಟದ ಅನೇಕ ವರ್ತಕರು ಬಾಯಲ್ಲಿ ಗುಟ್ಕಾ, ಜರ್ದಾ ಹಾಕಿಕೊಳ್ಳುವುದನ್ನು ದೋಷವೆಂದು ಎಣಿಸುವುದಿಲ್ಲ. ಜಗಿಯುವ ತಂಬಾಕೂ ರಕ್ತನಾಳಗಳನ್ನು ಕೆಡಿಸುತ್ತದೆ. ಅಭ್ಯಾಸವನ್ನು ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು. ತಪ್ಪದೆ ನಿಯಮ ಪಾಲಿಸುವ ಮನೋಬಲವುಳ್ಳ ಸಮಾಜಕ್ಕೆ ಇದೊಂದು ಪ್ರತ್ಯಾಖ್ಯಾನ ಕಷ್ಟವಾಗಲಾರದು.

ನಾಡಿಯನ್ನೂ ಗಮನಿಸಬೇಕು. ಮಣಿಕಟ್ಟಿನ ಮೇಲೆ ಬೆರಳಿಟ್ಟಾಗ ಬಡಿತವು ಒಂದೇ ಲಯದಲ್ಲಿ ಇರದೆ ಅಡ್ಡಾದಿಡ್ಡಿಯಾಗಿದ್ದರೆ ವೈದ್ಯರಲ್ಲಿ ಇ.ಸಿ.ಜಿ. ಮಾಡಿಸಬೇಕು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪುವ ಒಂದು ಬಗೆಯ ಕಾಯಿಲೆಯಲ್ಲಿ ಅಲ್ಲಿಯೇ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಸಾಗುತ್ತದೆ. ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಿಂದ ಅದನ್ನು ಬಹುಮಟ್ಟಿಗೆ ನಿವಾರಿಸಬಹುದು.

ತಪಸ್ಸು ಮತ್ತು ಮಾತ್ರೆ

ಇದು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದ ಭಾಗ. ಪರ್ವದ ದಿನಗಳಲ್ಲಿ ಉಪವಾಸ, ಅಠ್ಠಾಯಿಗಳನ್ನು ಕೈಗೊಳ್ಳುವ ಹಿರಿಯರು ವ್ರತಭಂಗವಾದೀತೆಂಬ ಭಯದಿಂದ ರಕ್ತದೊತ್ತಡದ ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ಕೆಲವು ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಒತ್ತಡವು ಮೊದಲಿಗಿಂತಲೂ ಮೇಲಕ್ಕೆ ಜಿಗಿಯುತ್ತದೆ. ಹೆಪ್ಪು ತಡೆಯುವ ಮಾತ್ರೆ ನಿಲ್ಲಿಸಿದರೆ ಅಪಾಯ ಇನ್ನೂ ಸಮೀಪ. ಮತ್ತೊಂದೆಡೆ, ಆಹಾರ ನೀರುಗಳಿಲ್ಲದ ದೇಹಕ್ಕೆ ಎಂದಿನ ಪ್ರಮಾಣದ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಕೊಟ್ಟರೆ ಸಕ್ಕರೆ ಅತಿಯಾಗಿ ಕುಸಿದು ಪ್ರಜ್ಞೆ ತಪ್ಪಬಹುದು. ಆದ್ದರಿಂದ ನಿಲ್ಲಿಸುವುದೂ ಮುಂದುವರಿಸುವುದೂ ಎರಡೂ ಸ್ವಂತ ನಿರ್ಧಾರವಾಗಬಾರದು.

ಪಚ್ಚಕ್ಖಾಣವನ್ನು ತೆಗೆದುಕೊಳ್ಳುವುದಕ್ಕೆ ಒಂದು ವಾರ ಮೊದಲೇ ವೈದ್ಯರನ್ನು ಕಂಡು, ಎಷ್ಟು ದಿನದ ಉಪವಾಸ, ನೀರು ಯಾವ ಹೊತ್ತಿನಲ್ಲಿ ಸೇವಿಸಲಾಗುವುದು ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ರಾತ್ರಿ ನೀರನ್ನೂ ತೊರೆಯುವ ಚೌವಿಹಾರದವರು ಅದನ್ನೂ ಹೇಳಬೇಕು. ದಿನಕ್ಕೊಮ್ಮೆ ಸೇವಿಸುವ ಅನೇಕ ಮಾತ್ರೆಗಳನ್ನು ಹಗಲಿಗೆ ಬದಲಾಯಿಸಿಕೊಡಲು ವೈದ್ಯರಿಗೆ ಸಾಧ್ಯವಿರುತ್ತದೆ. ವೈದ್ಯರು ಉಪವಾಸ ಬೇಡವೆಂದರೆ ಗುರುಗಳ ಮುಂದೆ ಆ ಮಾತನ್ನಿಟ್ಟು ಮಾರ್ಗದರ್ಶನ ಪಡೆಯಬೇಕು. ಶಾಸ್ತ್ರದಲ್ಲಿ ತಪಸ್ಸು 12 ಬಗೆ, ಆರು ಬಾಹ್ಯ, ಆರು ಅಂತರಂಗ. ಅನಶನವು ಅವುಗಳಲ್ಲಿ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಊನೋದರಿ, ರಸಪರಿತ್ಯಾಗ, ಸ್ವಾಧ್ಯಾಯ, ಧ್ಯಾನ, ವೈಯಾವೃತ್ಯ ಇವೂ ತಪಸ್ಸೇ. ಒಮ್ಮೆ ಪಾರ್ಶ್ವವಾಯು ಬಂದು ಗುಣಹೊಂದಿದವರಿಗೆ ಈ ಮಾರ್ಗಗಳು ತೆರೆದೇ ಇವೆ.

ಲಕ್ಷಣ ಕಂಡೊಡನೆ

ಎಷ್ಟು ಜಾಗರೂಕರಾಗಿದ್ದರೂ ರೋಗವು ಬರಬಹುದು. ಆಗ ಕಾಲವೇ ಔಷಧ. ಹೆಪ್ಪಿನಿಂದ ರಕ್ತಸಂಚಾರ ನಿಂತಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ಅಂದಾಜು. ಮನೆಯ ಪ್ರತಿಯೊಬ್ಬರೂ, ಮಕ್ಕಳೂ ಸಹ, ಈ ಲಕ್ಷಣಗಳನ್ನು ಕಲಿತಿರಬೇಕು.

1. ನಗುವಂತೆ ಹೇಳಿದಾಗ ಬಾಯಿಯ ಒಂದು ಮೂಲೆ ಜೋಲುವುದು.
2. ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಾಗ ಒಂದು ಕೈ ಕೆಳಗಿಳಿಯುವುದು. ಲೇಖನಿ ಜಾರುವುದು, ನೋಟು ಎಣಿಸಲಾಗದಿರುವುದು, ಸಹಿ ಕೆಡುವುದು ಇವೂ ಇದರ ಸೂಚನೆಗಳೇ.
3. ಮಾತು ತೊದಲುವುದು, ತಪ್ಪು ಪದ ಬರುವುದು, ಹೇಳಿದ್ದು ಅರ್ಥವಾಗದಿರುವುದು.
4. ಹಠಾತ್ತನೆ ನಡಿಗೆ ಓಲಾಡುವುದು, ಕಣ್ಣು ಮಂಜಾಗುವುದು, ಎಂದೂ ಬಾರದ ಘೋರ ತಲೆನೋವು.

ಮಾತನ್ನು ಪರೀಕ್ಷಿಸಲು ಎಲ್ಲ ಭಾಷೆಯ ಜೈನ ಕುಟುಂಬಗಳಿಗೂ ತಿಳಿದ ನಮೋಕಾರ ಮಂತ್ರವನ್ನು ಹೇಳಿಸಬಹುದು, ಉಚ್ಚಾರ ತೊದಲಿದರೆ ಒಡನೆಯೇ ತಿಳಿಯುತ್ತದೆ. ಆದರೆ ಅಷ್ಟರಿಂದಲೇ ನಿಶ್ಚಿಂತರಾಗಬಾರದು. ಬಾಲ್ಯದಿಂದ ಕಂಠಪಾಠವಾದುದು ಮಾತು ಕೆಟ್ಟವರ ಬಾಯಲ್ಲಿಯೂ ಕೆಲವೊಮ್ಮೆ ಸರಾಗವಾಗಿ ಬರುತ್ತದೆ. ಆದ್ದರಿಂದ ಒಂದು ವಸ್ತುವನ್ನು ತೋರಿಸಿ ಇದೇನೆಂದು, ಬೆಳಿಗ್ಗೆ ಏನು ತಿಂದಿರೆಂದು ಅವರ ಮಾತೃಭಾಷೆಯಲ್ಲಿ ಕೇಳಬೇಕು.

ಮೇಲಿನವುಗಳಲ್ಲಿ ಒಂದೇ ಒಂದು ಕಂಡರೂ ಮಲಗಿಸಿ ಕಾಯಬಾರದು. 108ಕ್ಕೆ ಕರೆಮಾಡಬೇಕು. ಲಕ್ಷಣ ಕಾಣುವ ಮೊದಲು ಕೊನೆಯ ಬಾರಿ ಚೆನ್ನಾಗಿದ್ದ ಗಳಿಗೆಯನ್ನು ಬರೆದುಕೊಳ್ಳಬೇಕು. ನೀರು, ಹಾಲು, ಔಷಧಿ ಯಾವುದನ್ನೂ ಬಾಯಿಗೆ ಹಾಕಬಾರದು, ನುಂಗಲಾರದೆ ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಸಹ ಕೊಡಬಾರದು, ಏಕೆಂದರೆ ಹೆಪ್ಪೋ ರಕ್ತಸ್ರಾವವೋ ಎಂಬುದು ಸ್ಕ್ಯಾನ್ ಮಾಡದೆ ಯಾರಿಗೂ ತಿಳಿಯದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ತಂತಿಯ ಮೂಲಕ ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡಬಹುದು. ಲಕ್ವಕ್ಕೆ ನಾಟಿ ಔಷಧಿ, ತೈಲ ಕೊಡುವ ಊರಿಗೆ ಮೊದಲು ಕರೆದೊಯ್ದು ಮರುದಿನ ಆಸ್ಪತ್ರೆಗೆ ಬರುವುದರಿಂದ ಈ ಅವಕಾಶ ಶಾಶ್ವತವಾಗಿ ಕೈತಪ್ಪುತ್ತದೆ.

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ., ಕೃಷ್ಣಗಿರಿಯಿಂದ ಸುಮಾರು 90 ಕಿ.ಮೀ. ನರರೋಗಗಳಿಗೆ ಪ್ರಸಿದ್ಧವಾದ ನಿಮ್ಹಾನ್ಸ್ ಅಲ್ಲಿದೆ. ಆದರೆ ಅತ್ತಿಬೆಲೆ, ಚಂದಾಪುರ, ಎಲೆಕ್ಟ್ರಾನಿಕ್ ಸಿಟಿಗಳ ವಾಹನದಟ್ಟಣೆಯಲ್ಲಿ ಎಷ್ಟು ಹೊತ್ತು ಕಳೆಯುವುದೋ ಹೇಳಲಾಗದು. ಕೃಷ್ಣಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿ 12ರಂದು ಉದ್ಘಾಟನೆಯಾಯಿತು. ಹಗಲೂ ರಾತ್ರಿಯೂ ಸ್ಕ್ಯಾನ್ ಮತ್ತು ಆ ಚುಚ್ಚುಮದ್ದು ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಪ್ರತಿ ಕುಟುಂಬವೂ ಇಂದೇ ವಿಚಾರಿಸಿ, ದೂರವಾಣಿ ಸಂಖ್ಯೆಯೊಡನೆ ಮನೆಯ ಗೋಡೆಯ ಮೇಲೆ ಬರೆದಿಡಬೇಕು. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯೂ ಅಲ್ಲಿಯೇ ಇರಬೇಕು. ಆಗ ವೈದ್ಯರ ಭಾಷೆ ಬಾರದವರಿಗೂ ತೊಡಕಿಲ್ಲ.

ಕೆಲವೊಮ್ಮೆ ಈ ಲಕ್ಷಣಗಳು ಹತ್ತಿಪ್ಪತ್ತು ನಿಮಿಷಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. "ಪದ್ಮಾವತಿ ಅಮ್ಮನವರ ಕೃಪೆ, ಹುಷಾರಾಯಿತು" ಎಂದು ಅಂಗಡಿಗೆ ಮರಳಬಾರದು. ಇದು ಮುಂಬರುವ ದೊಡ್ಡ ಆಘಾತದ ಮುನ್ಸೂಚನೆ. ಮುಂದಿನ ಎರಡು ದಿನಗಳಲ್ಲಿಯೇ ಅಪಾಯ ಅತ್ಯಧಿಕ. ಅಂದೇ ಆಸ್ಪತ್ರೆಗೆ ಹೋಗಬೇಕು.

ಉಪಸಂಹಾರ

ಅಕ್ಟೋಬರ್ 29ನ್ನು ವಿಶ್ವ ಪಾರ್ಶ್ವವಾಯು ದಿನವೆಂದು ಆಚರಿಸಲಾಗುತ್ತದೆ. ಹಲವು ವರ್ಷ ಅದು ದೀಪಾವಳಿಯ ಆಸುಪಾಸಿನಲ್ಲೇ ಬರುತ್ತದೆ. ವರ್ತಕರು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸಿ ಹಳೆಯ ಬಾಕಿಗಳನ್ನು ನೋಡಿಕೊಳ್ಳುವರು. ಅಂದೇ ಮನೆಮಂದಿಯ ರಕ್ತದೊತ್ತಡದ ಅಂಕಿಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟು, ಕಳೆದ ವರ್ಷದ ಅಂಕಿಗಳೊಡನೆ ಹೋಲಿಸಿ ನೋಡುವ ಪದ್ಧತಿ ಬೆಳೆಯಲಿ. ವ್ಯಾಪಾರದ ನಷ್ಟವನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲ.

ಮುಂದಿನ ವರ್ಷದ ಮಹೋತ್ಸವಕ್ಕೂ ಪ್ರತಿ ಮನೆಯ ಹಿರಿಯರು ತಮ್ಮ ಕಾಲ ಮೇಲೆ ತಾವೇ ನಡೆದು ಬಂದು, ತಮ್ಮ ಕೈಯಿಂದಲೇ ಅಭಿಷೇಕದ ಕಲಶವನ್ನೆತ್ತಿ, ತಮ್ಮ ಬಾಯಿಂದಲೇ ಸ್ತವನ ಹಾಡುವಂತಾಗಲಿ. ಸರ್ವರಿಗೂ ಆರೋಗ್ಯ ಲಭಿಸಲಿ. ಜೈ ಜಿನೇಂದ್ರ.